ಔಟಾಗದ ಮೇಜರ್ ಸಾಹೇಬ

ಒಂದು ದಂಡಿನ ಊರಿನಲ್ಲಿ ಒಬ್ಬ ಮೇಜರ್ ಇದ್ದ. ಹೆಸರು ಬೇಡ. ಹೆಸರು ಹೇಳಿದರೆ ನೀವು ‘ಓ, ಅವನ ಕಥೆಯಾ’ ಅಂದುಕೊಂಡು ಹಾಯಾಗಿ ಗೋಡೆಗೆ ಒರಗುತ್ತೀರಿ. ನೆಟ್ಟಗೆ ಕೂತು ಕೇಳಿ.

ಈ ಮೇಜರನಿಗೆ ಎರಡು ಹೆಮ್ಮೆ. ಒಂದು ಭುಜದ ಮೇಲಿನ ಪಟ್ಟಿ, ಇನ್ನೊಂದು ಕೈಯಲ್ಲಿನ ಬ್ಯಾಟು. ವಯಸ್ಸಿದ್ದಾಗ ಚೆನ್ನಾಗಿಯೇ ಆಡಿದ್ದ, ಸೈನ್ಯದ ತಂಡದ ಜೊತೆ ಊರೂರು ಸುತ್ತಿದ್ದ. ಇರಲಿ, ಅದನ್ನು ಯಾರೂ ಅವನಿಂದ ಕಿತ್ತುಕೊಳ್ಳುವುದಿಲ್ಲ. ಆದರೆ ಮೇಜರ್ ಆದಮೇಲೆ ಒಂದು ಪವಾಡ ನಡೆಯಿತು ನೋಡಿ. ಹೊಟ್ಟೆ ಬಂತು, ಕಣ್ಣಿಗೆ ಕನ್ನಡಕ ಬಂತು, ನಾಲ್ಕು ಹೆಜ್ಜೆ ಓಡಿದರೆ ಏದುಸಿರು ಬಂತು. ಆಟ ಮಾತ್ರ ವರ್ಷದಿಂದ ವರ್ಷಕ್ಕೆ ಉತ್ತಮವಾಗುತ್ತಾ ಹೋಯಿತು! ಒಂಬತ್ತು ವರ್ಷ ಭಾನುವಾರ ಬಿಡದೆ ಆಡಿದ. ಒಂದು ಸಲವೂ ಎಲ್‌ಬಿಡಬ್ಲ್ಯು ಆಗಲಿಲ್ಲ.

ಹೇಗೆ? ಕ್ರಿಕೆಟ್ಟಿನಲ್ಲಿ ಒಂದು ನಿಯಮ ಇದೆ. ವಿಕೆಟ್ಟಿಗೆ ಹೋಗುವ ಚೆಂಡು ಕಾಲಿಗೆ ಬಡಿದರೆ ಆಟಗಾರ ಔಟು. ಆದರೆ ಅಂಪೈರು ತಾನಾಗಿ ಬೆರಳೆತ್ತುವಂತಿಲ್ಲ. ಎದುರಿನವರು ‘ಹೌಝಟ್’ ಅಂತ ಕೂಗಿ ಕೇಳಬೇಕು. ಕೇಳದಿದ್ದರೆ ಔಟಿಲ್ಲ. ಈಗ ನೀವೇ ಹೇಳಿ. ಚೆಂಡು ಎಸೆಯುವವನು ಸಿಪಾಯಿ, ಅಂಪೈರು ಹವಾಲ್ದಾರ, ಇಬ್ಬರ ರಜೆಗೂ ಸಹಿ ಹಾಕುವವನು ಬ್ಯಾಟು ಹಿಡಿದು ನಿಂತಿದ್ದಾನೆ. ಯಾರು ಕೇಳುತ್ತಾರೆ ಸ್ವಾಮಿ? ಯಾರೂ ಕೇಳಲಿಲ್ಲ. ಯಾರೂ ಕೇಳದ್ದರಿಂದ ಅವನು ಔಟಾಗಲಿಲ್ಲ. ಔಟಾಗದ್ದರಿಂದ ತಾನು ತಪ್ಪೇ ಮಾಡುವುದಿಲ್ಲ ಎಂದು ನಂಬಿದ. ನಾಟಕವಲ್ಲ, ನಿಜವಾಗಿ ನಂಬಿದ!

ಒಂದು ಸಲ ಲಾರಿ ಓಡಿಸುವ ಹೊಸ ಸಿಪಾಯಿಯೊಬ್ಬ ಬಂದ. ಗದಗಿನ ಕಡೆಯವನು, ಒಳ್ಳೆ ವೇಗದ ಬೌಲರು. ಮೊದಲ ಭಾನುವಾರವೇ ಅವನ ಚೆಂಡು ಮೇಜರನ ಪ್ಯಾಡಿಗೆ ಬಡಿಯಿತು, ವಿಕೆಟ್ಟಿನ ನೇರ ಮುಂದೆ. ಪಾಪ, ಆಟ ಅಂದರೆ ಆಟ ಅಂದುಕೊಂಡಿದ್ದ ಪ್ರಾಣಿ. ಎರಡು ಕೈ ಮೇಲೆತ್ತಿ ‘ಹೌಝಟ್!’ ಎಂದು ಕೂಗಿಬಿಟ್ಟ.

ಹವಾಲ್ದಾರನ ಕೈ ಅರ್ಧ ಮೇಲೆದ್ದಿತು, ಹಾಗೇ ಕಿವಿ ತುರಿಸಿಕೊಂಡು ಕೆಳಗಿಳಿಯಿತು. “ನಾಟೌಟ್, ಸಾಹೇಬ್ರ!” ಅಂದ. ಆಮೇಲೆ ಡ್ರೈವರನ ಹತ್ತಿರ ಬಂದು ಮೆಲ್ಲಗೆ, “ತಮ್ಮಾ, ಸಾಹೇಬ್ರಿಗೆ ಬಾಲ್ ಹಾಕೂದಷ್ಟ ನಮ್ಮ ಕೆಲಸ. ಕೇಳೂದಲ್ಲ” ಅಂದ.

ಮೇಜರ್ ಬೈಯಲಿಲ್ಲ. ದೊಡ್ಡ ಮನುಷ್ಯ, ಬೈಯುತ್ತಾನೆಯೇ? ಸೋಮವಾರ ರಜೆಯ ಪಟ್ಟಿ ಬಂದಾಗ ಡ್ರೈವರನ ಹೆಸರಿಗೆ ಗೀಟು ಎಳೆದ, ಅಷ್ಟೆ. ಊರಿನಲ್ಲಿ ಅವನ ಹೆಂಡತಿ ಹೆತ್ತಿದ್ದಳು. ಮಗಳ ಮುಖ ನೋಡಲು ಅವನು ಹೊರಟಿದ್ದ. ತೊಟ್ಟಿಲ ಕಾರ್ಯ ಅಪ್ಪನಿಲ್ಲದೆಯೇ ಮುಗಿಯಿತು. ಯಾಕೆಂದು ಮೇಜರ್ ಹೇಳಲಿಲ್ಲ. ಹೇಳದಿದ್ದರೂ ಇಡೀ ತುಕಡಿಗೆ ಅರ್ಥವಾಯಿತು.

ತಿಂಗಳ ಮೇಲೆ ತರಬೇತಿಗೆಂದು ತುಕಡಿ ಕಾಡಿನ ಕಡೆ ಹೊರಟಿತು. ದಾರಿಯಲ್ಲಿ ಒಂದು ಹೊಳೆ. ಮೇಜರ್ ದಡದ ಮೇಲೆ ನಕ್ಷೆ ಹರಡಿ, “ಇಲ್ಲೇ ದಾಟ್ಸಿ. ಮೊಣಕಾಲುದ್ದ ನೀರು” ಅಂದ. ಹಿಂದಿನ ದಿನವಷ್ಟೇ, ಹತ್ತಿರದಲ್ಲಿ ಬೀಡು ಬಿಟ್ಟಿದ್ದಾಗ, ಡ್ರೈವರ್ ಮತ್ತು ಹವಾಲ್ದಾರ ಅಲ್ಲಿಗೆ ನೀರು ತುಂಬಲು ಬಂದಿದ್ದರು. ಊರವರು ಮರಳು ತೋಡಿ ತೋಡಿ ಆಚೆ ದಡದ ಹತ್ತಿರ ಆಳುದ್ದ ಗುಂಡಿ ಬಿದ್ದಿತ್ತು. ಇಬ್ಬರಿಗೂ ಗೊತ್ತು.

“ಯಾರಿಗಾದ್ರೂ ಏನಾದ್ರೂ ಹೇಳೋದಿದ್ಯಾ?” ಮೇಜರ್ ಕೇಳಿದ. ಹೌದು, ಕೇಳಿದ! ಒಬ್ಬರೂ ಉಸಿರೆತ್ತಲಿಲ್ಲ. ಆ ಮೌನ ಕಂಡು ಅವನ ಎದೆ ಉಬ್ಬಿತು. ಎಂಥ ಶಿಸ್ತು, ನನ್ನ ಮೇಲೆ ಎಂಥ ನಂಬಿಕೆ ಅಂದುಕೊಂಡ. ಕೈ ಬೀಸಿ ಡ್ರೈವರನ ಲಾರಿಯನ್ನು ನೀರಿಗಿಳಿಸಿದ.

ಡ್ರೈವರ್ ಗುಂಡಿಯ ಬದಿಯಿಂದ ತಪ್ಪಿಸಿಕೊಂಡು ಹೋಗಲು ನೋಡಿದ, ಆದರೆ ಲಾರಿ ಅದರೊಳಗೇ ಮಗುಚಿತು. ಡ್ರೈವರನ ಎಡಗಾಲು ಅಡಿಯಲ್ಲಿ ಸಿಕ್ಕಿತು. ಪ್ರಾಣ ಉಳಿಯಿತು, ಕಾಲನ್ನು ಡಾಕ್ಟರು ಮಂಡಿಯ ಮೇಲಿಂದ ಕತ್ತರಿಸಬೇಕಾಯಿತು.

ಮೇಜರ್ ಆಸ್ಪತ್ರೆಗೆ ಹೋದ. ಗುಂಡಿಯ ವಿಷಯ ಆ ಹೊತ್ತಿಗೆ ಅವನ ಕಿವಿಗೂ ಬಿದ್ದಿತ್ತು. ಮಂಚದ ಪಕ್ಕ ನಿಂತು ರೇಗಿದ. “ಗೊತ್ತಿತ್ತಂತಲ್ಲಯ್ಯಾ ನಿಂಗೆ! ನಾನೇ ಕೇಳಿದ್ನಲ್ಲ. ಬಾಯಿ ಇರ್ಲಿಲ್ವಾ?”

ಡ್ರೈವರ್ ಅವನ ಮುಖ ನೋಡಿದ. ಸಿಟ್ಟಿರಲಿಲ್ಲ, ಸುಸ್ತಿತ್ತು. “ಒಮ್ಮೆ ಕೇಳಿದ್ನಲ್ರೀ, ಸಾಹೇಬ್ರ” ಅಂದ.

ಆ ಭಾನುವಾರ ಚೆಂಡು ಕಾಲಿಗೆ ಬಡಿದ ಕ್ಷಣ ತಾನು ಔಟೆಂದು ಮೇಜರನಿಗೆ ಗೊತ್ತಿತ್ತು. ಸಂಜೆಯೊಳಗೆ ಮರೆತಿದ್ದ, ಅಷ್ಟೆ. ಅದು ಅವನಿಗೆ ಅಭ್ಯಾಸವಾಗಿತ್ತು. ಈಗ ಆ ಕೂಗು ಕಿವಿಯಲ್ಲಿ ಕೂತಿತು, ಆದರೆ ಕೇಳಿ ಏನು ಪ್ರಯೋಜನ? ಕಾಲು ಹೋಗಿತ್ತು.

ಏನು, ಮುಂದಿನ ಸಾಲಿನವರು ಲೊಚಗುಟ್ಟುತ್ತಿದ್ದೀರಿ? ಪಾಪ ಡ್ರೈವರ್ ಅಂತಲೋ? ನೋಡಿ, ನೀವ್ಯಾರೂ ಇಲ್ಲಿ ಡ್ರೈವರಲ್ಲ. ನೀವು ಗೇಟು ತೆಗೆದ ಸದ್ದಿಗೇ ಮನೆಯಲ್ಲಿ ನಗು ನಿಲ್ಲುತ್ತದಲ್ಲ, ಅದನ್ನು ಗೌರವ ಅಂದುಕೊಂಡಿದ್ದೀರಾ? ‘ನಮ್ಮನೇಲಿ ನನ್ನ ಮಾತಿಗೆ ಎರಡು ಮಾತಿಲ್ಲ’ ಅಂತ ಮದುವೆ ಮನೆಗಳಲ್ಲಿ ಕೊಚ್ಚಿಕೊಳ್ಳುತ್ತೀರಲ್ಲ, ನಾಚಿಕೆಯಾಗಬೇಡವೆ? ಎರಡನೇ ಮಾತು ಇತ್ತು. ಅದನ್ನು ಆಡಿದವರಿಗೆ ನೀವು ಏನು ಮಾಡಿದಿರಿ? ಸೊಸೆ ಒಂದು ಮಾತು ಅಂದಳೆಂದು ಎಂಟು ದಿನ ಮುಖ ಊದಿಸಿಕೊಂಡಿರಿ. ತಮ್ಮ ಅಂದನೆಂದು ಅವನ ಮನೆಯ ಗೃಹಪ್ರವೇಶಕ್ಕೆ ಹೋಗಲಿಲ್ಲ. ಆಮೇಲೆ ದೊಡ್ಡ ಮನಸ್ಸು ಮಾಡಿ, ‘ಯಾರಿಗಾದರೂ ಹೇಳುವುದಿದೆಯಾ’ ಅಂತ ಕೇಳುತ್ತೀರಿ!

ಆದ್ದರಿಂದ ಇವತ್ತು ಮನೆಗೆ ಹೋಗಿ ಎಲ್ಲರನ್ನೂ ಕೂರಿಸಿಕೊಂಡು ಭಾಷಣ ಮಾಡಬೇಡಿ. ಕೊನೆಯ ಸಲ ನಿಮಗೆ ‘ಇದು ತಪ್ಪು’ ಅಂದವರು ಯಾರು, ಅದನ್ನು ನೆನಪು ಮಾಡಿಕೊಳ್ಳಿ. ಅವರು ಅಡುಗೆಮನೆಯಲ್ಲಿದ್ದರೆ ಅಡುಗೆಮನೆಗೆ ಹೋಗಿ. ಪರಊರಿನಲ್ಲಿದ್ದರೆ ಫೋನು ಮಾಡಿ. ‘ಅವತ್ತು ನೀನು ಹೇಳಿದ್ದು ಸರಿ ಇತ್ತು’ ಅನ್ನಿ. ನಿಮ್ಮ ನಾಲಿಗೆ ತಕ್ಷಣ ‘ಆದರೆ’ ಅನ್ನಲು ಹೊರಡುತ್ತದೆ, ನನಗೆ ಗೊತ್ತು. ಅಲ್ಲೇ ಬಾಯಿ ಮುಚ್ಚಿ. ಅವರು ಇನ್ನೇನು ಹೇಳುತ್ತಾರೋ, ನಿಂತು ಪೂರ್ತಿ ಕೇಳಿ.