ಗಾಲ್ಫ್ ಆಡುವ ವರ

ಜತ್ತದ ಬಸ್ ನಿಲ್ದಾಣದಲ್ಲಿ ಮುಚ್ಚಂಡಿ ಬಸ್ಸಿಗೆ ಕಾಯುತ್ತಿದ್ದ ಸಂಗವ್ವ, ಸೆರಗು ಸರಿಮಾಡಿಕೊಳ್ಳುವ ನೆಪದಲ್ಲಿ ಪಕ್ಕದ ಬೆಂಚಿನಲ್ಲಿ ನಡೆದಿದ್ದ ಮದುವೆ ಮಾತಿಗೆ ಕಿವಿಗೊಟ್ಟಳು. ಹುಡುಗಿಯ ಅಪ್ಪ ಸೋಮನಿಂಗಪ್ಪ, ಹುಡುಗನ ಸೋದರಮಾವ ಅಪ್ಪಾಸಾಹೇಬನನ್ನು ಕೆದಕುತ್ತಿದ್ದ.

“ಹುಡುಗ ಪುಣೇದಾಗ ಗಾಲ್ಫ್ ಆಡ್ತಾನ, ಖರೆ. ನೌಕರಿ ಏನ್ ಮಾಡ್ತಾನ್ರಿ?”

“ಆಡೂದ ಅವನ ನೌಕರಿರಿ. ಪ್ರೊಫೆಷನಲ್ ಅದಾನ.”

“ಪಗಾರ ಯಾರು ಕೊಡ್ತಾರ?”

“ಪಗಾರ ಇಲ್ರಿ. ಗೆದ್ರ ಬಕ್ಷೀಸು. ಲಕ್ಷಗಟ್ಟಲೆ ಇರ್ತೈತಿ.”

“ಸೋತ್ರ?”

“ಎರಡ ದಿನ ಆಡಿಸಿ, ಹಿಂದ ಬಿದ್ದವ್ರನ್ನ ಮನಿಗೆ ಕಳಸ್ತಾರ. ಏನೂ ಸಿಗಂಗಿಲ್ಲ.”

“ಊಟಾ, ಲಾಡ್ಜು?”

“ತನ್ನ ಕಿಸೇದಾಂದ.”

“ಆಡಾಕರೆ ಪುಕ್ಕಟ ಬಿಡ್ತಾರಲ್ಲ?”

ಅಪ್ಪಾಸಾಹೇಬ ಟೊಪ್ಪಿಗೆ ತೆಗೆದು ತಲೆ ಕೆರೆದುಕೊಂಡ. “ಎಂಟ್ರಿ ಫೀ ಕಟ್ಟಬೇಕ್ರಿ.”

“ರೊಕ್ಕಾ ಕಟ್ಟೂದು, ಬಂದ್ರ ಬಂತು, ಹೋದ್ರ ಹೋತು. ಇದಕ್ಕ ನಮ್ಮ ಕಡೆ ಮಟಕಾ ಅಂತಾರ್ರಿ.”

ಸಂಗವ್ವನ ಬಾಯಿಗೂ ಅದೇ ಮಾತು ಬಂದಿತ್ತು.

“ಛೇ ಛೇ, ದೊಡ್ಡ ಮಂದಿ ಆಟರಿ ಅದು! ಕೋಲಿನ ಚೀಲಾ ಹೊರಾಕ ಒಬ್ಬ ಆಳ ಬ್ಯಾರೆ ಇರ್ತಾನ.”

“ಆ ಆಳಿಗೆ ರೊಕ್ಕಾ ಯಾರು ಕೊಡ್ತಾರ?”

“ನಮ್ಮ ಹುಡುಗನ ಕೊಡ್ತಾನ.”

“ಸೋತ್ರೂ?”

“ಸೋತ್ರೂ ಕೊಡಬೇಕಲ್ರಿ. ಅಂವಾ ತನ್ನ ಪಗಾರ ಬಿಡ್ತಾನೇನು?”

ಅಷ್ಟರಲ್ಲಿ ಸೋನ್ಯಾಳದ ಬಸ್ಸು ಬಂತು. ಸೋಮನಿಂಗಪ್ಪ ಧೋತರ ಝಾಡಿಸಿ ಎದ್ದ. ಬಸ್ಸಿನ ಮೆಟ್ಟಿಲ ಮೇಲೆ ಒಂದು ಕಾಲಿಟ್ಟವನು ತಿರುಗಿ ನಿಂತು, ದನಿ ತಗ್ಗಿಸಿ ಕೇಳಿದ:

“ಆ ಚೀಲಾ ಹೊರಾವಂದು ಲಗ್ನ ಆಗೇತೇನ್ರಿ?”