ಅಮೆರಿಕಕ್ಕೆ ಕಟ್ಟಿದ ಕೊಬ್ಬರಿ

...ಹೂಂ ಕಣ್ರೋ, ಅದೇ ಊರು, ಅದೇ ಬಾಗ್ದಾದು. ಈಗ ಮತ್ತೆ ಟೀವೀಲಿ ಹೊಗೆ ತೋರಿಸ್ತಾವ್ರಲ್ಲ, ಹನ್ನೆರಡು ವರ್ಷದ ಹಿಂದೆ ನಾನು ಆ ಊರನ್ನ ನಮ್ಮ ತೋಟದಲ್ಲೇ ನೋಡಿದ್ದೆ. ನಗ್ಬೇಡ್ರಿ! ನಮ್ಮ ಬೀದಿ ಟೈಲರ್ ಜಮೀಲನ ಗಂಡ ರಶೀದ್ ಆ ಬಾಗ್ದಾದಲ್ಲೇ ಬಟ್ಟೆ ಹೊಲೀತಿದ್ದ. 'ಇಲ್ಲೂ ನಮ್ಮ ಚಿಕ್ಕನಾಯಕನಹಳ್ಳಿ ಥರಾನೇ ತೋಟ, ಖರ್ಜೂರದ್ದು' ಅಂತ ಕಾಗ್ದ ಬರ್ದಿದ್ದ. ಮಧ್ಯಾಹ್ನ ತೆಂಗಿನ ಮರದ ಕೆಳಗೆ ಚಾಪೆ ಹಾಕ್ಕೊಂಡು ಮಲಗಿದ್ರೆ ಗರಿ ಸಂದೀಲಿ ಬಿಸಿಲು ಅಲ್ಲಾಡೋದು, ಇದೇ ಬಾಗ್ದಾದೇನೋ, ರಶೀದ್ ಆ ಬದು ದಾಟಿ ಬತ್ತಾನೇನೋ ಅನ್ನಿಸೋದು. ಕಣ್ಣು ಬಿಟ್ರೆ ಯಾರೂ ಇಲ್ಲ.

ಅದಿರ್ಲಿ, ಅಮೆರಿಕದ ವಿಷ್ಯ ಹೇಳ್ತಿದ್ದೆ. ನಾನು ಮಾಯಸಂದ್ರದಿಂದ ಮದ್ವೆಯಾಗಿ ಬಂದ ಹೊಸದ್ರಲ್ಲಿ ಮಳೆ ಇಲ್ಲ, ಬೆಳೆ ಇಲ್ಲ. ಸ್ಕೂಲಲ್ಲಿ ಮಕ್ಳಿಗೆ ಉಪ್ಪಿಟ್ಟು ಬೇಯ್ಸೋ ಕೆಲ್ಸ ನಂದು. ಹಳದಿ ರವೆ, ಅಮೆರಿಕದೋರು ಬಿಟ್ಟಿ ಕಳ್ಸಿದ್ದು. ಬಿಳಿ ಬಟ್ಟೆ ಚೀಲ, ಅದ್ರ ಮೇಲೆ ಎರಡು ಕೈ ಒಂದನ್ನೊಂದು ಹಿಡ್ಕೊಂಡಿರೋ ಚಿತ್ರ. ಖಾಲಿಯಾದ್ದೊಂದನ್ನ ಮನೆಗೆ ತಂದಿಟ್ಕೊಂಡಿದ್ದೆ. ಮಕ್ಳು ಉಂಡು ಮಿಕ್ಕಿದ್ದನ್ನ ನಾನೂ ತಿಂದೆ, ಸುಳ್ಳು ಯಾಕೆ ಹೇಳ್ಲಿ, ನಿಮ್ಮಪ್ಪ ನನ್ನ ಹೊಟ್ಟೇಲಿದ್ದ. ಒಂದ್ಸಲ ಹೆಡ್ ಮೇಷ್ಟ್ರು ಪೇಪರ್ ಮಡಿಚಿಟ್ಟು, "ಗೌರಮ್ಮ, ಈ ಸಲ ರವೆ ತರೋ ಹಡಗು ತಡ ಕಣಮ್ಮ. ವಿಯೆಟ್ನಾಮಿನ ಮೇಲೆ ಬಾಂಬ್ ಹಾಕೋದು ನಿಲ್ಸಿ ಅಂತ ನಮ್ಮ ಸರ್ಕಾರದೋರು ಅಂದ್ರಂತೆ. ಅಮೆರಿಕದ ದೊರೆಗೆ ಸಿಟ್ಟು ಬಂದೈತೆ" ಅಂದ್ರು. ಅನ್ನ ಕೊಟ್ಟೋರ್ನ ಏನೂ ಅನ್ನಬಾರ್ದು ಅಂತ ಅವತ್ತೇ ನನ್ನ ತಲೇಲಿ ಕೂತುಬುಡ್ತು.

ಆಮೇಲೆ ತೊಂಬತ್ತೊಂದನೇ ಇಸವಿ. ಅಲ್ಲ, ಕುವೈತಿಗೆ ಇರಾಕಿನೋರು ನುಗ್ಗಿದ್ದು ಅದ್ರ ಹಿಂದಿನ ವರ್ಷ. ಅದಕ್ಕೂ ಮುಂಚೆ ಇರಾನಿನ ಜೊತೆ ಬಡಿದಾಡ್ದಾಗ ಇದೇ ಇರಾಕಿನ ಬೆನ್ನಿಗೆ ಅಮೆರಿಕ ಇತ್ತಂತೆ, ಈಗ ಹೊಡೆಯೋಕೂ ಅಮೆರಿಕಾನೇ. ಸಂಕ್ರಾಂತಿ ಎಳ್ಳು ಬೀರಿ ಮೂರು ದಿನಕ್ಕೆ ರೇಡಿಯೋದಲ್ಲಿ ಬಂತು, ಬಾಗ್ದಾದಿನ ಮೇಲೆ ಬಾಂಬು ಅಂತ. ರಶೀದನ ಕಾಗ್ದ ನಿಂತೋಯ್ತು.

ಒಂದಿನ ರಾಗಿ ಬೀಸ್ಸೋಕೆ ಮಿಲ್ಲಿಗೆ ಹೋಗಿದ್ವಿ, ನಾನೂ ಅವಳೂ. ಮಿಲ್ಲಿನೋನು ಬೆಲ್ಟ್ ಹಾಕ್ತಾ, "ಸರ್ಯಾಗ್ ಮಾಡ್ತಾವ್ರೆ ಬುಡಿ ಅಮೆರಿಕದೋರು! ಊರಿಗೂರೇ ಬೂದಿ ಮಾಡ್ಲಿ! ಏನ್ ಗೌರಕ್ಕ, ಅವ್ರ ಉಪ್ಪಿಟ್ಟು ಬಡ್ಸಿದೋಳು ನೀನೇ ಅಲ್ವಾ?" ಅಂದ. ಎಲ್ರೂ ನಕ್ರು. ಜಮೀಲ ಡಬ್ಬ ಹಿಡ್ಕೊಂಡು ನನ್ನ ಮುಖಾನೇ ನೋಡಿದ್ಲು. ನಾನು ರಾಗಿ ಚೀಲದ ಬಾಯಿ ಬಿಚ್ಚೋಳ ಥರ ತಲೆ ಬಗ್ಗಿಸ್ದೆ. ಬಿಚ್ಚೋದೇನೂ ಇರ್ಲಿಲ್ಲ ಕಣ್ರೋ, ಅದು ಬಿಚ್ಚೇ ಇತ್ತು.

ಮನೆಗೆ ಬಂದೆ. ಯೋಚ್ನೆ ಮಾಡ್ದೆ. ಪಕ್ಕದ ಮನೆ ಪಾತ್ರೇನ ನಾವು ಖಾಲಿ ವಾಪಸ್ ಕೊಡ್ತೀವಾ? ಒಂದ್ ಚೂರು ಬೆಲ್ಲನಾದ್ರೂ ಹಾಕಿ ಕೊಡ್ತೀವಿ. ಅಮೆರಿಕದ ಚೀಲ ನನ್ ಮನೇಲೇ ಉಳ್ದೈತೆ, ಅದಕ್ಕೇ ನನ್ ಬಾಯಿ ಕಟ್ಟೈತೆ ಅನ್ನಿಸ್ತು. ಅಟ್ಟ ಹತ್ತಿ, ವರ್ಷ ತುಂಬಿದ ಕಾಯಿ ಒಂದೊಂದೇ ಅಲ್ಲಾಡಿಸಿ, ಒಳಗೆ ಗಡಗಡ ಅಂದದ್ದನ್ನ ಒಡೆದು, ಚೂರೂ ಮುಕ್ಕಾಗ್ದಿರೋ ಉಂಡೆ ಕೊಬ್ಬರಿ ಆರ್ಸಿ, ಆ ಹಳೇ ಚೀಲಕ್ಕೆ ತುಂಬಿ, ಒಂದು ಚೀಟಿ ಬರ್ದು ಒಳಗೆ ಇಟ್ಟೆ. ಹೊತ್ಕೊಂಡು ಪೋಸ್ಟಾಫೀಸಿಗೆ ಹೋದೆ.

"ವಿಳಾಸ ಏನಮ್ಮ?"

"ಅಮೆರಿಕದ ದೊರೆ, ಅಮೆರಿಕ."

"ಒಳಗಿನ ಚೀಟೀಲಿ ಏನೈತೆ?"

"'ನಿಮ್ಮ ಚೀಲ ವಾಪಸ್ ಕಳ್ಸೀವ್ನಿ. ಬಾಗ್ದಾದಲ್ಲಿ ನಮ್ಮ ರಶೀದ್ ಅವ್ನೆ, ನೋಡ್ಕೊಂಡ್ ಬಾಂಬ್ ಹಾಕಿ' ಅಂತ."

ಆ ಕೌಂಟರಿನೋನು ನಗ್ಲಿಲ್ಲ, ಪುಣ್ಯಾತ್ಮ. "ಇದು ಹೋಗಲ್ಲ ಕಣಮ್ಮ" ಅಂತ ಮೆತ್ತಗೆ ಚೀಲ ನನ್ನ ಕಡೆ ತಳ್ಳಿದ.

ವಾಪಸ್ ಬರೋ ದಾರೀಲಿ ಜಮೀಲನ ಅಂಗಡಿ. "ಕೊಬ್ಬರಿ ಯಾರಿಗೆ ಗೌರಕ್ಕ?" ಅಂದ್ಲು. ಹೇಳ್ದೆ. ಮೆಚ್ಕೊತಾಳೆ ಅಂದ್ಕೊಂಡಿದ್ದೆ ನಾನು, ನೋಡಿ! ಮಿಷನ್ ಚಕ್ರದ ಮೇಲೆ ಕೈ ಇಟ್ಟು ನಿಲ್ಲಿಸಿದ್ಲು. "ಅಷ್ಟು ದೂರದ ದೊರೆಗೆ ಹೇಳೋಕೆ ಹೋದ್ಯಾ ಅಕ್ಕ? ಮಿಲ್ಲಲ್ಲಿ ನಾನು ನಿನ್ ಪಕ್ಕದಲ್ಲೇ ನಿಂತಿದ್ದೆ." ಅಷ್ಟೇ ಅಂದಿದ್ದು. ಆಮೇಲೆ ಚಕ್ರ ತಿರುಗಿಸ್ಕೊಂಡು ಹೊಲಿಯೋಕೆ ಕೂತ್ಲು. ನಂಗೆ ನಾಚ್ಕೆ, ಅಳು, ಎರಡೂ ಒಟ್ಟಿಗೇ ಬಂತು.

ಮಾರನೇ ಬೆಳಿಗ್ಗೆ ಮಿಲ್ಲಿಗೆ ಹೋಗಿ ನಿಂತ್ಕೊಂಡೆ. ಬೀಸ್ಸೋಕೆ ಏನೂ ಇಲ್ಲ. "ಅವ್ರ ಉಪ್ಪಿಟ್ಟು ಬಡ್ಸಿದ್ದೂ ಹೌದು, ತಿಂದಿದ್ದೂ ಹೌದು. ಆದ್ರೆ ಜನ ಇರೋ ಊರ ಮೇಲೆ ಬಾಂಬ್ ಹಾಕೋದು ತಪ್ಪು. ಅಲ್ಲಿ ನಮ್ಮ ಜಮೀಲನ ಗಂಡ ಅವ್ನೆ" ಅಂದೆ. ಮಿಷನ್ ಸದ್ದಲ್ಲಿ ಯಾರ್ಗೆ ಕೇಳ್ತೋ. ಜಮೀಲ ಅಂತೂ ಇರ್ಲಿಲ್ಲ.

ರಶೀದ್ ಬಂದ ಕಣ್ರೋ, ಬಂದ. ಬೇಸಿಗೇಲಿ, ಮೂಳೆ ಚಕ್ಕಳ ಆಗಿ, ಒಂದು ಕಿವಿ ಕೇಳ್ತಿರ್ಲಿಲ್ಲ. ಜಮೀಲ ಬೀದಿಯೋರಿಗೆಲ್ಲ ಸಕ್ಕರೆ ಹಂಚ್ಕೊಂಡು ಬಂದ್ಲು. ಮೊದ್ಲೆಲ್ಲ ಏನೇ ಆದ್ರೂ ಮೊದಲನೇ ಮನೆ ನಂದೇ. ಅವತ್ತು ನಂದು ಕೊನೇದು. ಆ ಸಕ್ಕರೆ ಬಾಯಿಗೆ ಹಾಕ್ಕೊಂಡೆ, ಹಾಕ್ಕೊಂಡು ಅತ್ತೆ. ಯಾರಿಂದ ಏನೇ ತಿಂದಿರ್ರಿ ಮಕ್ಳಾ, ಪಕ್ಕದಲ್ಲಿ ನಿಂತೋರ ಪರ ಮಾತಾಡೋದು ಅಲ್ಲೇ, ಆವಾಗ್ಲೇ ಆಡ್ಬುಡಿ. ಮಾರನೇ ದಿನಕ್ಕೆ ಅದು ಯಾರಿಗೂ ಬೇಕಾಗಿರಲ್ಲ.