ಒಂದನೇ ಘಟಕದ ಹಸಿರು ಬಲ್ಬು

ನಾನು, ಅಣುಸ್ಥಾವರದ ಸಂದರ್ಶಕರ ಕೊಠಡಿಯಲ್ಲಿ ಬಂದವರಿಗೆ ವಿವರಣೆ ಕೊಡುವ ಗೈಡ್, ವಯಸ್ಸು 41, ವಾಸ ಸ್ಥಾವರದ ಹಿಂದಿನ ಸಿಬ್ಬಂದಿ ವಸತಿ, ಎಲ್ಲರ ಬಾಯಲ್ಲಿ ‘ರಿಯಾಕ್ಟರ್ ಅತ್ತಿಗೆ’, ಸ್ಥಾವರದ ಭದ್ರತಾ ಅಧಿಕಾರಿಗಳಾದ ತಮಗೆ ಈ ಮೂಲಕ ತಿಳಿಸುವುದೇನೆಂದರೆ:

ಮನುಕುಲ ಅಣುವನ್ನು ಒಡೆದ ದಿನದಿಂದ ಇಂದಿನವರೆಗೆ ಕಂಡು ಕೇಳರಿಯದ ಅಪರಾಧವೊಂದು ನಮ್ಮ ಕೊಠಡಿಯಲ್ಲಿ ನಡೆದಿದೆ. ಯಾರೋ ಒಂದು ಬಲ್ಬು ಹಾಕಿದ್ದಾರೆ. ಕದ್ದಿಲ್ಲ, ಹಾಕಿದ್ದಾರೆ.

ಕೊಠಡಿಯ ನಡುವೆ ಸ್ಥಾವರದ ಮರದ ಮಾದರಿ ಇದೆ. ಮೂರು ಗುಮ್ಮಟ, ಪ್ರತಿಯೊಂದರ ನೆತ್ತಿಯಲ್ಲೂ ಒಂದು ಹಸಿರು ಬಲ್ಬು. ಒಂದನೇ ಘಟಕ ಮೂವತ್ತಾರು ವರ್ಷ ಊರಿಗೆ ಬೆಳಕು ಕೊಟ್ಟು ಕಳೆದ ತಿಂಗಳು ಕಾಯಮ್ಮಾಗಿ ನಿಂತಿತು. ಎರಡನೆಯದು ವರ್ಷದಲ್ಲಿ ಅರ್ಧ ಕಾಲ ರಿಪೇರಿಯಲ್ಲಿರುತ್ತದೆ. ಮೂರನೆಯದು ಅಡಿಪಾಯದಿಂದ ಮೇಲೇಳಲೇ ಇಲ್ಲ, ಗುಂಡಿಯಲ್ಲಿ ಕಪ್ಪೆಗಳಿವೆ. ಮ್ಯಾನೇಜರರ ಆದೇಶದಂತೆ ಒಂದನೆಯದರ ಬಲ್ಬು ತೆಗೆದೆ. ಕಪ್ಪೆಗಳ ಬಲ್ಬಿನ ಬಗ್ಗೆ ಆದೇಶ ಇರಲಿಲ್ಲವಾದ್ದರಿಂದ ಅದು ಉರಿಯುತ್ತಿದೆ.

ಮರುದಿನ ಊಟ ಮುಗಿಸಿ 1.40ಕ್ಕೆ ಬಂದಾಗ ಒಂದನೆಯದೂ ಉರಿಯುತ್ತಿತ್ತು. ತೆಗೆದೆ. ಅದರ ಮರುದಿನವೂ ಅದೇ ಕಥೆ. ಐದನೇ ಸಲ ಮ್ಯಾನೇಜರರು ಕರೆದು, ಇದು ಭದ್ರತೆಯ ಪ್ರಶ್ನೆ, ಸಿಕ್ಕಿಬಿದ್ದವರ ಪಾಸು ರದ್ದು, ಹೋಗಿ ದೂರು ಕೊಡಿ ಎಂದರು. ತಮಗೆ ಕೊಟ್ಟೆ.

ನಿನ್ನೆ ಊಟಕ್ಕೆ ಹೋಗದೆ ಪರದೆಯ ಹಿಂದೆ ನಿಂತೆ. ಬಂದವರು ನನ್ನ ಮಾವ, ವಯಸ್ಸು 74, ಒಂದನೇ ಘಟಕವನ್ನು ಮೊದಲ ಸಲ ಚಾಲೂ ಮಾಡಿದ ಪಾಳಿಯಲ್ಲಿದ್ದವರು. ಅತ್ತೆ ತೀರಿಕೊಂಡ ಮೇಲೆ ನಿವೃತ್ತರ ಪಾಸು ಹಿಡಿದು ಅವರು ಬರುವುದು ಇದೊಂದೇ ಜಾಗಕ್ಕೆ. ಜೇಬಿನಿಂದ ಬಲ್ಬು ತೆಗೆದು, ಅಂಗಿಯಂಚಿನಲ್ಲಿ ಒರೆಸಿ, ತಿರುಗಿಸಿ ಹಾಕಿದರು.

ಇದೇನು ಮಾವ ಎಂದು ಕೇಳಲಾಗಿ, “ಒಲೆ ಆರಿಸಿದ ತಕ್ಷಣ ಪಾತ್ರೆ ಮುಟ್ತೀಯೇನಮ್ಮ? ನಿಂತಿದೆ ಅಷ್ಟೇ, ಒಳಗಿನ್ನೂ ಕಾವಿದೆ. ವರ್ಷಗಟ್ಟಲೆ ನೀರು ಹಾಯಿಸ್ತಾನೇ ಇರಬೇಕು” ಎಂದರು. ಮ್ಯಾನೇಜರರಿಗೆ ಹೇಳಿ ನೋಡೋಣ ಎಂದಾಗ, “ಅವನ ತಲೆನೂ ಗುಮ್ಮಟಾನೇ, ಬಲ್ಬು ಒಂದಿಲ್ಲ” ಎಂದರು. ಗುಮ್ಮಟದ ಧೂಳು ಒರೆಸುತ್ತಾ, “ನಿಮ್ಮತ್ತೆ ಹೋದ ಸಂಜೆನೇ ಅವಳ ಮಂಚ ಮಡಚಿಟ್ರಿ. ನಾನೇನಾದ್ರೂ ಅಂದ್ನಾ?” ಎಂದರು.

ಮಂಚ ಮಡಚಿದ್ದು ನನ್ನ ಗಂಡ. ಇನ್ನೊಂದು ತುದಿ ಹಿಡಿದವಳು ನಾನು.

ಇಂದು ಬೆಳಿಗ್ಗೆ ಮಾವನಿಗೆ ಜ್ವರ. ಮುಂದಿನವರು ಬಂದು ಒಪ್ಪಿಕೊಳ್ಳುವವರೆಗೆ ಕುರ್ಚಿ ಬಿಡಬಾರದು ಎಂಬುದು ಕಂಟ್ರೋಲ್ ರೂಮಿನ ನಿಯಮ. ಮಲಗಿದಲ್ಲಿಂದಲೇ ಬಲ್ಬನ್ನು ನನ್ನ ಕೈಗಿಟ್ಟು, “ಪಾಳಿ ಒಪ್ಪಿಸ್ತಿದ್ದೀನಿ” ಎಂದರು. “ಒಪ್ಕೊಂಡೆ ಮಾವ” ಎಂದೆ. ಆಮೇಲೆಯೇ ಮಾತ್ರೆ ನುಂಗಿ ನಿದ್ದೆ ಹೋದರು.

ಆದ್ದರಿಂದ ಈಗಷ್ಟೇ ತಾವು ಮಾದರಿಯಿಂದ ಬಿಚ್ಚಿ ತೆಗೆದ ಬಲ್ಬನ್ನು ಹಾಕಿದವಳು ದೂರುದಾರಳಾದ ನಾನೇ. ಯಾರದಾದರೂ ಪಾಸು ರದ್ದಾಗಲೇಬೇಕಿದ್ದರೆ ನನ್ನದಾಗಲಿ. ಸದ್ಯ ಪಾಳಿ ನನ್ನದು.

ತಾವು ಬರೆದುಕೊಂಡದ್ದನ್ನು ಓದಿಸಿ ಕೇಳಿದ್ದೇನೆ. ನಾನು ಕಂಡದ್ದು, ಮಾಡಿದ್ದು ಬಿಟ್ಟು ಇದರಲ್ಲಿ ಬೇರೇನೂ ಇಲ್ಲ.

ಸ್ಥಳ: ಸಂದರ್ಶಕರ ಕೊಠಡಿ
ದಿನಾಂಕ: 14, ಮಧ್ಯಾಹ್ನ 2.20
(ಸಹಿ) ಗೈಡ್

ವಿ.ಸೂ.: ಬಲ್ಬು ಇನ್ನೂ ಬಿಸಿಯಿದೆ. ಲಕೋಟೆಗೆ ಹಾಕಿ ಅರಗು ಮುದ್ರೆ ಒತ್ತುವ ಮುನ್ನ, ದಯವಿಟ್ಟು ಅದು ಆರುವವರೆಗೆ ಕಾಯಬೇಕು.